ಬಿಸಿಯಾದ ಮೇಲೆ ಬರುವ ಸದ್ದು

ಸ್ಟುಟ್‌ಗಾರ್ಟ್‌ನ ಪಶ್ಚಿಮಕ್ಕೆ, ಸೊಲಿಟ್ಯೂಡ್ ಅರಮನೆಯ ಸುತ್ತಲಿನ ಕಾಡಿನಲ್ಲಿ ಒಂದು ಹಳೆಯ ರೇಸ್ ಹಾದಿ ಇದೆ. 1965ರವರೆಗೂ ಅಲ್ಲಿ ಪಂದ್ಯಗಳು ನಡೆದವು. 11.4 ಕಿಲೋಮೀಟರಿನ ಆ ಸುತ್ತು ಇವತ್ತು ಜನ ಕೆಲಸಕ್ಕೆ ಓಡಾಡುವ ಮಾಮೂಲಿ ರಸ್ತೆ. ಮಾಡನ್‌ಟಾಲ್ ಕಣಿವೆಗೆ ಇಳಿದರೆ ಸಾಕು, ಎಡಕ್ಕೊಂದು ಬಲಕ್ಕೊಂದು ತಿರುವು, ಬಿಡುವೇ ಇಲ್ಲ. ಕಾರಿನ ಚಕ್ರದ ಬೇರಿಂಗ್ ಪರೀಕ್ಷೆ ಮಾಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಬಲಕ್ಕೆ ತಿರುಗಿದಾಗ ಭಾರ ಎಡಗಡೆಯ ಗಾಲಿಗಳ ಮೇಲೆ ಬೀಳುತ್ತದೆ, ಎಡಕ್ಕೆ ತಿರುಗಿದಾಗ ಬಲಗಡೆಯವುಗಳ ಮೇಲೆ. ಸವೆದ ಬೇರಿಂಗ್ ಇದ್ದರೆ ಒಂದು ಕಡೆಯ ತಿರುವಿನಲ್ಲಿ ಗೋಳಿಡುತ್ತದೆ, ಇನ್ನೊಂದು ಕಡೆ ತಣ್ಣಗಾಗುತ್ತದೆ. ನಮ್ಮ ಕಾರಿನ ಸದ್ದು ಎರಡೂ ಕಡೆ ಒಂದೇ ಸಮ ಇತ್ತು.

ಕಾರು 1986ರ ಪೋರ್ಷೆ 944. ಜರ್ಮನಿಯಲ್ಲಿ 30 ವರ್ಷ ದಾಟಿಯೂ ಮೂಲ ರೂಪದಲ್ಲೇ ಉಳಿದಿರುವ ವಾಹನಕ್ಕೆ ನಂಬರ್ ಪ್ಲೇಟಿನ ಕೊನೆಯಲ್ಲಿ ‘ಎಚ್’ ಅಕ್ಷರ ಸಿಗುತ್ತದೆ. ಈ ಕಾರಿಗೂ ಅದು ಸಿಕ್ಕಿದೆ. ಹಿಂದಿನ ಮಾಲೀಕರು ಕೀಲಿಯ ಜೊತೆಗೆ ಕೊಟ್ಟ ದಪ್ಪ ಫೈಲಿನಲ್ಲಿ ಹಿಂಗಾಲಿಗಳ ಬೇರಿಂಗ್ ಬದಲಿಸಿದ ಬಿಲ್ಲಿತ್ತು, ಅದಾದ ಕೆಲವೇ ತಿಂಗಳಿಗೆ ನಾಲ್ಕು ಹೊಸ ಟಯರ್ ಹಾಕಿಸಿದ ಬಿಲ್ಲೂ ಇತ್ತು. ಅವರೂ ಇದೇ ಸದ್ದಿನ ಹಿಂದೆ ಬಿದ್ದಿದ್ದರು ಎಂಬುದು ಆ ಕಾಗದಗಳನ್ನು ಸಾಲಾಗಿ ಇಟ್ಟು ನೋಡಿದರೆ ತಿಳಿಯುತ್ತಿತ್ತು.

ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆ ಓಡಿದ ಮೇಲೆ, ಐದನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 2,000 ಸುತ್ತು ದಾಟುತ್ತಿದ್ದ ಹಾಗೆ ಅದು ಶುರುವಾಗುತ್ತಿತ್ತು. ಗೊರಗೊರ ಎನ್ನುವ, ಪಕ್ಕದ ಮನೆಯ ಹಿತ್ತಲಲ್ಲಿ ಯಾರೋ ರಾಗಿ ಬೀಸುತ್ತಿರುವಂಥ ಸದ್ದು. 2,600 ಮೀರಿದರೆ ಎಂಜಿನ್ ದನಿಯಲ್ಲಿ ಮುಳುಗಿಹೋಗುತ್ತಿತ್ತು. ಆಕ್ಸಿಲರೇಟರ್ ಒತ್ತಿದಾಗ ಕಮ್ಮಿ. ಕಾಲನ್ನು ಹಗುರವಾಗಿ ಇಟ್ಟು, ಎಂಜಿನ್ ಎಳೆಯದೆ ದೂಡಿಸಿಕೊಳ್ಳದೆ ಸುಮ್ಮನೆ ಸಾಗುವಾಗ ಜಾಸ್ತಿ. ಗ್ಯಾರೇಜಿಗೆ ಒಯ್ದಾಗೆಲ್ಲ ಕಾರು ತಣ್ಣಗಿರುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಬಿಟ್ಟು ಬಂದರೆ ಅವರ ಕೈಗೆ ಬಿಡುವಾಗುವುದು ಹನ್ನೊಂದಕ್ಕೆ. ಹತ್ತು ನಿಮಿಷ ಓಡಿಸಿ, ಏನೂ ಕೇಳಿಸಲಿಲ್ಲ, ಟಯರ್ ಸದ್ದಿರಬೇಕು ಎನ್ನುತ್ತಿದ್ದರು. ಆ ಹತ್ತು ನಿಮಿಷದಲ್ಲಿ ಕೇಳುವಂಥದ್ದು ನಿಜಕ್ಕೂ ಏನೂ ಇರಲಿಲ್ಲ. ಇದನ್ನು ಹುಡುಕಬೇಕಾದರೆ ಊರು ಬಿಟ್ಟು ದೂರ ಹೋಗಲೇಬೇಕಿತ್ತು.

ಆ ಬೇಸಿಗೆಯಲ್ಲಿ ನನ್ನ ಸೋದರಮಾವ ಬಂದರು, ವೀಸಾ ಕೊಡುವ 90 ದಿನದ ಮಟ್ಟಿಗೆ. ತುಮಕೂರಿನ ಹೆದ್ದಾರಿ ಬದಿಯಲ್ಲಿ ಲಾರಿ ಗ್ಯಾರೇಜ್ ನಡೆಸಿ ಕೂದಲು ಬೆಳ್ಳಗಾದವರು. ನಾನು ಎಂಜಿನಿಯರಿಂಗ್ ಓದಲು ಕಾರಣ ಯಾರು ಎಂದು ಯಾರಾದರೂ ಕೇಳಿದರೆ ಅವರ ಹೆಸರನ್ನೇ ಹೇಳುತ್ತೇನೆ. ಶಾಲೆಯ ರಜೆಯಲ್ಲಿ ಅವರ ಗ್ಯಾರೇಜಿನ ಗುಂಡಿಯ ಅಂಚಿನಲ್ಲಿ ಕೂತು ಪಾನಾ ಎತ್ತಿಕೊಡುತ್ತಿದ್ದೆ. ಲಾರಿ ಬಂದು ನಿಂತರೆ ಅವರು ಮೊದಲು ಡ್ರೈವರನ್ನು ಮಾತಾಡಿಸುವರು. ಲೋಡ್ ಇದ್ದಾಗಲೋ ಖಾಲಿ ಇದ್ದಾಗಲೋ, ಏರಿನಲ್ಲೋ ಇಳಿಜಾರಿನಲ್ಲೋ, ಕ್ಲಚ್ ಒತ್ತಿದರೆ ಏನಾಗುತ್ತೆ. ಡ್ರೈವರ್ ಬೀಡಿ ಮುಗಿಸುವಷ್ಟರಲ್ಲಿ ಅರ್ಧ ಕೆಲಸ ಆಗಿರುತ್ತಿತ್ತು. ಸದ್ದು ಎಲ್ಲಿ ಎಂಬುದನ್ನು ಕಿವಿ ತಪ್ಪಾಗಿ ಹೇಳಬಹುದು, ಯಾವಾಗ ಎಂಬುದನ್ನು ತಪ್ಪಾಗಿ ಹೇಳುವುದಿಲ್ಲ. ಇದು ಅವರಿಂದ ಕಲಿತದ್ದು, ಇವತ್ತಿಗೂ ನನ್ನ ಕೆಲಸದಲ್ಲಿ ನಾನು ನಂಬಿರುವುದು.

ಸೊಲಿಟ್ಯೂಡ್‌ನ ತಿರುವುಗಳಲ್ಲಿ ಚಕ್ರದ ಬೇರಿಂಗ್‌ಗಳು ಪಾರಾದವು. ಟಯರ್ ಪಾರಾದದ್ದು ಹೆದ್ದಾರಿಯಲ್ಲಿ. ಕಾಂಕ್ರೀಟ್ ಮುಗಿದು ಡಾಂಬರು ಶುರುವಾಗುವ ಗೆರೆಯನ್ನು ದಾಟಿದಾಗ ಟಯರಿನ ದನಿ ಒಮ್ಮೆಗೇ ಬದಲಾಯಿತು, ಬೀಸುವ ಸದ್ದು ಹಾಗೇ ಮುಂದುವರಿಯಿತು. ಇಷ್ಟಾದರೂ ನಮ್ಮಿಬ್ಬರಿಗೆ ಒಂದು ವಿಷಯದಲ್ಲಿ ಮಾತ್ರ ಹೊಂದಾಣಿಕೆ ಆಗಲಿಲ್ಲ.

“ಹಿಂದ್ಗಡೆಯಿಂದ ಬರ್ತೈತೆ ಕಣೇ. ಹೌಸಿಂಗ್ ಇರ್ಬೇಕು,” ಎಂದರು ಮಾವ. ಲಾರಿಯವರ ಮಾತಿನಲ್ಲಿ ಹೌಸಿಂಗ್ ಎಂದರೆ ಹಿಂದಿನ ಆಕ್ಸಲ್, ಡಿಫರೆನ್ಶಿಯಲ್ ಇರುವ ಪೆಟ್ಟಿಗೆ.

“ಇಲ್ಲ ಮಾವ, ನನಗೆ ಮುಂದುಗಡೆ ಕೇಳಿಸ್ತಿದೆ. ನನ್ನ ಕಾಲ ಹತ್ರ.”

ಜಾಗ ಬದಲಿಸಿ ಕೂತೆವು. ಆಗ ಅವರಿಗೆ ಮುಂದುಗಡೆ ಕೇಳಿಸಿತು, ನನಗೆ ಬೆನ್ನ ಹಿಂದೆ. ಅವರು ಕಣ್ಣು ಮುಚ್ಚಿ ಅಂಗೈಯನ್ನು ಮೊದಲು ಬಾಗಿಲ ಮೇಲೆ, ಆಮೇಲೆ ಸೀಟಿನ ಪಕ್ಕದ ನೆಲದ ಮೇಲೆ, ಕೊನೆಗೆ ಎರಡು ಸೀಟುಗಳ ನಡುವಿನ ಉಬ್ಬಿನ ಮೇಲೆ ಇಟ್ಟರು. ಅಲ್ಲಿಂದ ಕೈ ತೆಗೆಯಲಿಲ್ಲ.

ಈ ಕಾರಿನ ಒಡಲನ್ನು ತಿಳಿಯದೆ ಈ ಗೊಂದಲ ಬಿಡಿಸಲು ಆಗುವುದಿಲ್ಲ. ಎಂಜಿನ್ ಮುಂದಿದೆ, ನಾಲ್ಕು ಸಿಲಿಂಡರಿನ ಎರಡೂವರೆ ಲೀಟರಿನದು. ಗೇರ್‌ಬಾಕ್ಸ್ ಮಾತ್ರ ಅದರ ಬೆನ್ನಿಗಿಲ್ಲ, ಹಿಂಗಾಲಿಗಳ ನಡುವೆ, ಡಿಫರೆನ್ಶಿಯಲ್ ಜೊತೆ ಒಂದೇ ಪೆಟ್ಟಿಗೆಯಲ್ಲಿದೆ. ಹೀಗೆ ಹಂಚಿದ್ದರಿಂದ ಕಾರಿನ ತೂಕ ಮುಂದೆ ಹಿಂದೆ ಹೆಚ್ಚುಕಮ್ಮಿ ಸಮವಾಗುತ್ತದೆ. ತಿರುವಿನಲ್ಲಿ ಈ ಕಾರು ಕೊಡುವ ನಂಬಿಕೆಗೆ ಅದೇ ಮೂಲ. ಇದು ಪೋರ್ಷೆಯವರು ಮೊದಲು ಕಂಡದ್ದೇನೂ ಅಲ್ಲ, ಇಟಲಿಯ ಲಾನ್ಸಿಯಾ 1950ರಲ್ಲೇ ಔರೇಲಿಯಾ ಕಾರಿನಲ್ಲಿ ಮಾಡಿತ್ತು. ಮುಂದಿನ ಎಂಜಿನ್ನನ್ನೂ ಹಿಂದಿನ ಪೆಟ್ಟಿಗೆಯನ್ನೂ ಒಂದು ಗಟ್ಟಿ ಉಕ್ಕಿನ ಕೊಳವೆ ಬಿಗಿಯಾಗಿ ಕೂಡಿಸುತ್ತದೆ. ಟಾರ್ಕ್ ಟ್ಯೂಬ್ ಎನ್ನುತ್ತಾರೆ. ಅದರೊಳಗೆ 25 ಮಿಲಿಮೀಟರ್ ದಪ್ಪದ ಒಂದು ತೆಳು ಶಾಫ್ಟ್ ತಿರುಗುತ್ತದೆ. ಅಷ್ಟುದ್ದದ ತೆಳು ಶಾಫ್ಟ್ ನಡುವೆ ಬಳುಕದ ಹಾಗೆ ನಾಲ್ಕು ಬೇರಿಂಗ್‌ಗಳು ಕೊಳವೆಯ ಒಳಗೇ ಹಿಡಿದಿರುತ್ತವೆ. ಹೊರಗಿನಿಂದ ಗ್ರೀಸ್ ಹಾಕಲು ದಾರಿ ಇಲ್ಲ. ಮೊದಲ ದಿನ ತುಂಬಿದ ಗ್ರೀಸೇ ಕೊನೆಯವರೆಗೆ.

ಆ ಕೊಳವೆಯಲ್ಲಿ ಎಲ್ಲೇ ಸದ್ದು ಹುಟ್ಟಿದರೂ ಎರಡೂ ತುದಿಗೆ ಹರಿದು, ಎಂಜಿನ್ ಮೌಂಟಿಂಗ್‌ನಿಂದ ಮುಂದಕ್ಕೂ ಗೇರ್‌ಬಾಕ್ಸ್ ಮೌಂಟಿಂಗ್‌ನಿಂದ ಹಿಂದಕ್ಕೂ ಇಡೀ ಬಾಡಿಗೆ ಹಬ್ಬುತ್ತದೆ. ನಡುವೆ ಕೂತವನಿಗೆ ದಿಕ್ಕು ಸಿಗುವುದಿಲ್ಲ. ಅವತ್ತು ಮಾವನ ಕಿವಿಯೂ ಸರಿ ಇತ್ತು, ನನ್ನದೂ ಸರಿ ಇತ್ತು.

ಕಾರು ಪೂರ್ತಿ ಬಿಸಿಯಾಗುವಷ್ಟು ದೂರ, ಉದ್ದನೆಯ ಇಳಿಜಾರು ಇರುವ ದಾರಿ, ಹಿಂದೆ ಮುಂದೆ ವಾಹನ ಕಮ್ಮಿ. ಹುಡುಕಿದ್ದು ಇಂಥ ರಸ್ತೆಯನ್ನು. ಸಿಕ್ಕಿದ್ದು ಕಪ್ಪು ಅಡವಿಯ ಬೆನ್ನ ಮೇಲೆ ಸಾಗುವ ಬಿ 500. ಬಾಡೆನ್-ಬಾಡೆನ್‌ನಿಂದ ಫ್ರಾಯ್ಡನ್‌ಶ್ಟಾಟ್‌ವರೆಗೆ ಸುಮಾರು 60 ಕಿಲೋಮೀಟರ್. ವಾರದ ನಡುವಿನ ಒಂದು ಬೆಳಿಗ್ಗೆ ಹೊರಟೆವು. ಭಾನುವಾರ ಅಲ್ಲಿ ಬೈಕುಗಳದೇ ಸಾಮ್ರಾಜ್ಯ.

ಬಾಡೆನ್-ಬಾಡೆನ್ ಬಿಟ್ಟು ಏರತೊಡಗಿದರೆ ಮೊದಲು ತೋಟದ ಮನೆಗಳು, ಆಮೇಲೆ ಬರೀ ಫರ್ ಮತ್ತು ಸ್ಪ್ರೂಸ್. ಬಲಗಡೆ ಮರ ಸರಿದಲ್ಲೆಲ್ಲ ರೈನ್ ಕಣಿವೆ, ಅದರಾಚೆ ನೀಲಿಗಟ್ಟಿದ ಫ್ರಾನ್ಸಿನ ವೋಜ್ ಬೆಟ್ಟಸಾಲು. ಮಾವ ಅದನ್ನು ನೋಡಿದರು, ಮೆಚ್ಚಿದರು, ಮತ್ತೆ ಟ್ಯಾಕೋಮೀಟರ್ ಮುಳ್ಳಿನ ಮೇಲೆ ಕಣ್ಣಿಟ್ಟರು. ಮೂರನೇ ಗೇರಿನಲ್ಲಿ ವೇಗ 45ರ ಹತ್ತಿರ ಬಂದಾಗ ಸದ್ದು ಬಂತು. ನಾಲ್ಕರಲ್ಲಿ 60 ದಾಟಿದ ಮೇಲೆ ಬಂತು. ಐದರಲ್ಲಿ 80ಕ್ಕೆ ಬಂತು. ಮೂರೂ ಸಲ ಮುಳ್ಳು 2,200ರ ಆಸುಪಾಸಿನಲ್ಲೇ ಇತ್ತು. ಸದ್ದು ರಸ್ತೆಯ ವೇಗಕ್ಕೆ ಕಟ್ಟುಬಿದ್ದಿಲ್ಲ, ಎಂಜಿನ್ ಸುತ್ತಿಗೆ ಕಟ್ಟುಬಿದ್ದಿದೆ.

ಸಾವಿರ ಮೀಟರಿಗೂ ಎತ್ತರದಲ್ಲಿರುವ ಮುಮ್ಮೆಲ್‌ಜೇ ಕೊಳದ ಬಳಿ ಪ್ರವಾಸಿ ಬಸ್ಸುಗಳು ನಿಂತಿದ್ದವು. ನಾವು ನಿಲ್ಲದೆ ರೂಹೆಶ್ಟೈನ್‌ಗೆ ಹೋದೆವು. ಅಲ್ಲಿಂದ ಒಂದು ಕವಲು ಪಶ್ಚಿಮಕ್ಕೆ, ಒಟ್ಟನ್‌ಹೋಫೆನ್ ಕಡೆ ಇಳಿಯುತ್ತದೆ. ನೇರ ಇಳಿಜಾರು ಸಿಕ್ಕ ಕಡೆ, ಹಿಂದೆ ಯಾರೂ ಇಲ್ಲದ್ದು ನೋಡಿ, ನ್ಯೂಟ್ರಲ್‌ಗೆ ಹಾಕಿ ಕ್ಲಚ್ ಬಿಟ್ಟೆ. ಎಂಜಿನ್ ಆರಿಸಲಿಲ್ಲ, ಈ ಪರೀಕ್ಷೆಯಲ್ಲಿ ಯಾರೂ ಎಂಜಿನ್ ಆರಿಸಬಾರದು, ಬ್ರೇಕಿನ ಬಲ ಹೋಗಿಬಿಡುತ್ತದೆ. ವೇಗ 80ರಲ್ಲೇ ಇತ್ತು, ಮುಳ್ಳು 900ಕ್ಕೆ ಬಿತ್ತು, ಬೀಸುವ ಸದ್ದು ನಿಂತಿತು. ಗಾಲಿ, ಆಕ್ಸಲ್, ಕ್ರೌನ್ ಪಿನಿಯನ್ ಎಲ್ಲವೂ ಮೊದಲಿನ ವೇಗದಲ್ಲೇ ತಿರುಗುತ್ತಿದ್ದವು, ಅವುಗಳಿಂದ ಚಕಾರವಿಲ್ಲ.

“ಹಂಗಾದ್ರೆ ಹೌಸಿಂಗ್ ಅಲ್ಲ,” ಎಂದರು ಮಾವ. ಸ್ವಲ್ಪ ಹೊತ್ತು ಬಿಟ್ಟು, “ಸೆಂಟರ್ ಬೇರಿಂಗೂ ಅಲ್ಲ. ನಾನು ಅದೇ ಅಂದ್ಕೊಂಡಿದ್ದೆ.”

ಅವರ ಲಾರಿಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್ ಎರಡು ತುಂಡಿನದು. ನಡುವೆ ರಬ್ಬರಿನಲ್ಲಿ ತೂಗುಬಿಟ್ಟ ಒಂದು ಬೇರಿಂಗ್; ರಬ್ಬರ್ ಹರಿದು ಗ್ರೀಸ್ ಒಣಗಿದರೆ ಥೇಟ್ ಇಂಥದೇ ಗೊರಗೊರ. ಆದರೆ ಲಾರಿಯಲ್ಲಿ ಆ ಶಾಫ್ಟ್ ಇರುವುದು ಗೇರ್‌ಬಾಕ್ಸ್ ಆದ ಮೇಲೆ. ನ್ಯೂಟ್ರಲ್ ಮಾಡಿ ಇಳಿಜಾರಿನಲ್ಲಿ ಬಿಟ್ಟರೂ ಗಾಲಿಗಳು ಅದನ್ನು ತಿರುಗಿಸುತ್ತಲೇ ಇರುತ್ತವೆ, ಸದ್ದು ನಿಲ್ಲುವ ಮಾತೇ ಇಲ್ಲ. ದಶಕಗಳ ಆ ಅನುಭವದಿಂದಲೇ ಅವರು ಸೆಂಟರ್ ಬೇರಿಂಗನ್ನು ಹೊಡೆದುಹಾಕಿದ್ದರು.

ಇಳಿದು ಬಂದು ಒಂದು ಸೇತುವೆಯ ಪಕ್ಕ ನಿಲ್ಲಿಸಿದೆ. ಪಾರ್ಕಿಂಗ್ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದೆ: ಎಂಜಿನ್, ಕ್ಲಚ್, ಶಾಫ್ಟ್, ಅದಾದ ಮೇಲೆ ಗೇರ್‌ಬಾಕ್ಸ್. ಮಾವ ಚೀಟಿ ಈಸಿಕೊಂಡು ಬಹಳ ಹೊತ್ತು ನೋಡಿದರು.

“ಅಂದ್ರೆ ಗಾಡಿ ನಿಂತಿದ್ರೂ ಈ ಶಾಫ್ಟ್ ತಿರುಗ್ತಿರ್ತದೆ.”

“ಹೌದು ಮಾವ. ಕ್ಲಚ್ ಬಿಟ್ಟಿದ್ರೆ ಸಾಕು.”

“ಒತ್ತಿದ್ರೆ?”

“ನಿಲ್ಲುತ್ತೆ.”

“ಸ್ಟಾರ್ಟ್ ಮಾಡು, ಎಲ್ಡು ಸಾವ್ರಕ್ಕೆ ಏರ್ಸು.”

ಕಾರು ನಿಂತಲ್ಲೇ, ನ್ಯೂಟ್ರಲ್‌ನಲ್ಲಿ, 2,200ಕ್ಕೆ ಏರಿಸಿದೆ. ಬಿಸಿಯಾಗಿದ್ದ ಕಾರು ತನ್ನ ಗೊರಗೊರ ಶುರು ಮಾಡಿತು. ಕ್ಲಚ್ ಒತ್ತಿದೆ. ಎರಡು ಮೂರು ಉಸಿರಿನಷ್ಟು ಹೊತ್ತು ಇಳಿಯುತ್ತಾ ಬಂದು ಸದ್ದು ನಿಂತಿತು. ಬಿಟ್ಟೆ, ಮತ್ತೆ ಬಂತು. ಕ್ಲಚ್ಚಿನ ರಿಲೀಸ್ ಬೇರಿಂಗ್ ಕೆಟ್ಟಿದ್ದರೆ ಇದಕ್ಕೆ ತಿರುಗಾಮುರುಗ, ಪೆಡಲ್ ಒತ್ತಿದಾಗಲೇ ಕೂಗುತ್ತಿತ್ತು. ಫ್ಲೈವೀಲಿನ ಒಳಗಿನ ಪೈಲಟ್ ಬೇರಿಂಗೂ ಅಷ್ಟೆ. ಉಳಿದದ್ದು ಎರಡೇ ಜಾಗ, ಕೊಳವೆಯ ನಾಲ್ಕು ಬೇರಿಂಗ್‌ಗಳು ಇಲ್ಲವೆ ಗೇರ್‌ಬಾಕ್ಸಿನ ಬಾಯಲ್ಲಿರುವ ಮೊದಲ ಬೇರಿಂಗ್. ಸೆಂಟರ್ ಬೇರಿಂಗ್ ಮತ್ತೆ ಪಟ್ಟಿಗೆ ಬಂದದ್ದಕ್ಕೆ ಮಾವನ ಮುಖ ಅರಳಿತು. ರಸ್ತೆ ಕೆಳಗೆ ಹಳ್ಳ ಹರಿಯುತ್ತಿತ್ತು, ಹಸುಗಳ ಕೊರಳ ಗಂಟೆ ಕೇಳಿಸುತ್ತಿತ್ತು. ಇವರು ಪೆಡಲ್ ಕಡೆ ಕೈ ತೋರಿಸಿ, ಇನ್ನೊಂದು ಸಲ ಒತ್ತು ಕಣೇ, ಇನ್ನೊಂದು ಸಲ ಎನ್ನುತ್ತಿದ್ದರು.

ಕೊನೆಯ ತೀರ್ಮಾನಕ್ಕೆ ಕಾರಿನ ಹೊಟ್ಟೆಯ ಕೆಳಗೆ ಹೋಗಬೇಕಿತ್ತು, ಅದೂ ಬಿಸಿ ಆರುವ ಮೊದಲು. ಮನೆ ಮುಂದೆ ರಸ್ತೆಯಲ್ಲಿ ರಿಪೇರಿಗೆ ಇಳಿಯುವುದು ಇಲ್ಲಿ ಬಹಳ ಊರುಗಳಲ್ಲಿ ನಿಷಿದ್ಧ, ಎಣ್ಣೆ ಮಣ್ಣಿಗೆ ಇಳಿಯುತ್ತದೆಂಬ ಕಾಳಜಿ. ಅದಕ್ಕೆ ಬದಲಾಗಿ ಗಂಟೆ ಲೆಕ್ಕದಲ್ಲಿ ಜಾಗ, ಪಾನಾ, ಜಾಕ್ ಎಲ್ಲ ಬಾಡಿಗೆಗೆ ಕೊಡುವ ಗ್ಯಾರೇಜುಗಳಿವೆ. ನಮ್ಮ ಕೆಲಸ ನಾವೇ ಮಾಡಿಕೊಳ್ಳಬಹುದು. ಇಂಥದೊಂದು ವ್ಯವಸ್ಥೆ ಬೆಂಗಳೂರಿನಲ್ಲೂ ಬೇಕು ಎಂದು ನನಗೆ ಯಾವಾಗಲೂ ಅನಿಸುತ್ತದೆ. ಅಡವಿಯಿಂದ ನೇರ ಅಂಥ ಒಂದು ಗ್ಯಾರೇಜಿಗೆ ಓಡಿಸಿದೆವು. ಲಿಫ್ಟ್ ಇದ್ದರೂ ಮಾವ ಕೇಳಿದ್ದು ಗುಂಡಿಯನ್ನು. ಎಕ್ಸಾಸ್ಟ್ ಬಾಯಿಗೆ ಹೊಗೆ ಎಳೆಯುವ ಪೈಪು ಸಿಕ್ಕಿಸಿ, ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ ನಾನು ಒಳಗೆ ಕೂತೆ. ಅವರು ಗ್ಲೌಸ್ ಹಾಕಿಕೊಂಡು ಇಳಿದರು. ಗೋಡೆಯ ಮೇಲೆ ಮೆಕ್ಯಾನಿಕ್ ಸ್ಟೆತಾಸ್ಕೋಪ್ ತೂಗುತ್ತಿತ್ತು, ಅವರು ಅದನ್ನು ಮುಟ್ಟಲಿಲ್ಲ. ಎರಡಡಿ ಉದ್ದದ ಸ್ಕ್ರೂಡ್ರೈವರ್ ಆರಿಸಿಕೊಂಡು, ತುದಿಯನ್ನು ಲೋಹಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಆನಿಸಿದರು.

ಮೊದಲು ಗೇರ್‌ಬಾಕ್ಸ್. “ಇಲ್ಲಿ ಸಣ್ಣಕೈತೆ.” ಆಮೇಲೆ ಕೊಳವೆ ಗೇರ್‌ಬಾಕ್ಸಿಗೆ ಸೇರುವ ಜಾಗ. “ಸ್ವಲ್ಪ ಜಾಸ್ತಿ.” ಅಂಗುಲ ಅಂಗುಲವಾಗಿ ಮುಂದೆ ಬಂದರು. ನನ್ನ ಸೀಟಿನ ಕೆಳಗೆ ಅವರ ಟಾರ್ಚಿನ ಬೆಳಕು ಆಡುವುದು ನೆಲದ ತೂತಿನಿಂದ ಕಾಣುತ್ತಿತ್ತು. ಗೇರ್ ಲಿವರಿನ ನೇರಕ್ಕೆ ಬಂದವರೇ ಸ್ಕ್ರೂಡ್ರೈವರನ್ನು ಕಿವಿಯಿಂದ ಸರಕ್ಕನೆ ಎಳೆದುಕೊಂಡರು. ಅಷ್ಟು ಜೋರು. “ಒತ್ತು!” ಒತ್ತಿದೆ. “ಬಿಡು!” ಬಿಟ್ಟೆ. ಗುಂಡಿಯಿಂದ ಹತ್ತಿ ಬಂದು ನನಗೂ ಕೇಳಿಸಿದರು. ಹಿಡಿ ಮೂಳೆಗೆ ತಾಗಿದ ಕೂಡಲೇ ಎಂಜಿನ್, ಫ್ಯಾನು, ಹೊಗೆ ಪೈಪು ಎಲ್ಲ ದೂರ ಸರಿದು, ಒಣ ಲೋಹದ ಮೇಲೆ ಒಣ ಲೋಹ ಉರುಳುವುದಷ್ಟೇ ಉಳಿಯಿತು. ಒಂದೇ ಸಮ ಅಲ್ಲ. ಪ್ರತಿ ಸುತ್ತಿಗೂ ಒಂದು ಸಣ್ಣ ಕುಕ್ಕು. ಗೇರ್ ಆಯಿಲನ್ನೂ ಇಳಿಸಿ ನೋಡಿದೆವು. ಬೆರಳ ನಡುವೆ ಉಜ್ಜಿದರೆ ನುಣ್ಣಗಿತ್ತು, ಲೋಹದ ಪುಡಿ ಇರಲಿಲ್ಲ. ಗೇರ್‌ಬಾಕ್ಸೂ ಪಾರಾಯಿತು.

ಬೇರಿಂಗ್ ಬದಲಿಸುವ ಕೆಲಸವನ್ನು ಹಳೆಯ ಪೋರ್ಷೆಗಳನ್ನೇ ನೋಡುವ, ಲುಡ್ವಿಗ್ಸ್‌ಬುರ್ಗ್ ಆಚೆಯ ಹಳ್ಳಿಯ ಒಬ್ಬ ಮೆಕ್ಯಾನಿಕ್‌ಗೆ ಒಪ್ಪಿಸಿದೆವು. ಸೈಲೆನ್ಸರ್ ಪೈಪು ಕಳಚಬೇಕು, ಹಿಂದಿನ ಎರಡೂ ಆಕ್ಸಲ್ ಬಿಡಿಸಬೇಕು, ಗೇರ್‌ಬಾಕ್ಸ್ ಇಳಿಸಬೇಕು, ಆಮೇಲೆ ಕೊಳವೆ. ಕಂಪನಿಯಲ್ಲಿ ಈ ಕೊಳವೆ ಇಡಿಯಾಗಿ ಒಂದೇ ಭಾಗ, ಬೇರಿಂಗ್ ಬಿಡಿಯಾಗಿ ಬರುವುದಿಲ್ಲ. ಶಾಫ್ಟನ್ನು ಪ್ರೆಸ್ಸಿನಲ್ಲಿ ಹೊರಗೆ ತಳ್ಳಿ ಹೊಸ ಬೇರಿಂಗ್ ಕೂರಿಸುವ ಕಲೆಯನ್ನು ಇಂಥ ಸಣ್ಣ ಗ್ಯಾರೇಜಿನವರು ತಾವೇ ರೂಢಿಸಿಕೊಂಡಿದ್ದಾರೆ. ಹಳೆಯ ವಾಹನಗಳು ರಸ್ತೆಯಲ್ಲಿ ಉಳಿದಿರುವುದು ಇವರ ಕೈಗಳಿಂದ. ಜರ್ಮನಿಯಲ್ಲೂ ಅಷ್ಟೆ, ತುಮಕೂರಿನಲ್ಲೂ ಅಷ್ಟೆ.

ಕೊಳವೆ ಹೊರಗಿದ್ದ ದಿನಗಳಲ್ಲಿ ರೈಲು ಹತ್ತಿ ನೆಕಾರ್‌ಜುಲ್ಮ್‌ಗೆ ಹೋದೆವು. ಪೋರ್ಷೆ ಎಂದರೆ ಎಲ್ಲರೂ ಸ್ಟುಟ್‌ಗಾರ್ಟ್‌ನ ತ್ಸುಫೆನ್‌ಹೌಸೆನ್ ಎನ್ನುತ್ತಾರೆ, ನಮ್ಮ ಕಾರು ಹುಟ್ಟಿದ್ದು ಮಾತ್ರ ಹೈಲ್‌ಬ್ರಾನ್ ಪಕ್ಕದ ಈ ಊರಿನಲ್ಲಿ, ಔಡಿಯ ಕಾರ್ಖಾನೆಯಲ್ಲಿ. ಮೊದಲು ಅದು ಎನ್‌ಎಸ್‌ಯು ಎಂಬ ಹಳೆಯ ಬೈಕು-ಕಾರು ಕಂಪನಿಯದು. 1973ರ ತೈಲ ಬಿಕ್ಕಟ್ಟಿನ ಪೆಟ್ಟು ಬಿದ್ದಾಗ ಕಾರ್ಖಾನೆ ಮುಚ್ಚುವ ಮಾತು ಬಂತು. 1975ರ ಏಪ್ರಿಲಿನಲ್ಲಿ ಸಾವಿರಾರು ಕಾರ್ಮಿಕರು ಇಲ್ಲಿಂದ ಹೈಲ್‌ಬ್ರಾನ್‌ವರೆಗೆ ಮೆರವಣಿಗೆಯಲ್ಲಿ ನಡೆದರು. ಅದೇ ಹೊತ್ತಿಗೆ, ಫೋಕ್ಸ್‌ವ್ಯಾಗನ್‌ಗಾಗಿ ಪೋರ್ಷೆ ರೂಪಿಸಿದ್ದ ಒಂದು ಸ್ಪೋರ್ಟ್ಸ್ ಕಾರನ್ನು ಫೋಕ್ಸ್‌ವ್ಯಾಗನ್ ಕೈಬಿಟ್ಟಿತ್ತು. ಪೋರ್ಷೆ ಅದನ್ನು ತಾನೇ ಕೊಂಡು, 924 ಎಂದು ಹೆಸರಿಟ್ಟು, ನೆಕಾರ್‌ಜುಲ್ಮ್‌ನಲ್ಲೇ ಕಟ್ಟಿಸಿತು. ಊರಿನ ಕೆಲಸ ಉಳಿಯಲು ಅದೂ ನೆರವಾಯಿತು. 944 ಅದರ ಮುಂದಿನ ಪೀಳಿಗೆ. ಉದ್ದ ಕೊಳವೆ, ಹಿಂದಿನ ಗೇರ್‌ಬಾಕ್ಸ್ ಅಲ್ಲಿಂದ ಬಂದ ಬಳುವಳಿ. ಇದನ್ನು ಅಸಲಿ ಪೋರ್ಷೆ ಅಲ್ಲ ಎಂದು ಮೂಗು ಮುರಿಯುವವರು ಈಗಲೂ ಸಿಗುತ್ತಾರೆ. ಆ ಮೆರವಣಿಗೆಯ ಕತೆ ಕೇಳಿದ ಮೇಲೆ ನನಗೆ ಈ ಕಾರಿನ ಮೇಲಿದ್ದ ಗೌರವ ಇಮ್ಮಡಿಯಾಯಿತು. ಅಲ್ಲಿನ ಹಳೇ ಕೋಟೆಮನೆಯಲ್ಲಿರುವ ದ್ವಿಚಕ್ರ ಮ್ಯೂಸಿಯಮ್ಮಿನಲ್ಲಿ ಮಾವ ಅರ್ಧ ದಿನ ಕಳೆದರು. ಶಿಫ್ಟ್ ಬಿಡುವ ಹೊತ್ತಿಗೆ ಕಾರ್ಖಾನೆಯ ಗೇಟಿನ ಎದುರು ನಿಂತು, ಊಟದ ಚೀಲ ಹಿಡಿದು ಹೊರಬರುವವರನ್ನು ನೋಡಿದರು.

ಹಳ್ಳಿಯ ಮೆಕ್ಯಾನಿಕ್ ನಾಲ್ಕು ಹಳೆಯ ಬೇರಿಂಗ್‌ಗಳನ್ನೂ ಬಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದರು. ಮುಂದಿನದೂ ಹಿಂದಿನದೂ ಬೆರಳಿಗೆ ಸಲೀಸಾಗಿ ತಿರುಗಿದವು. ನಡುವಿನ ಎರಡರ ಅಂಚಿನಲ್ಲಿ ಕಂದು ಪುಡಿ. ಗ್ರೀಸ್ ಒಣಗಿ ಉದುರು ಉದುರಾಗಿತ್ತು. ಮಾವ ಒಂದನ್ನು ಎಡಗೈಯಲ್ಲಿ ಹಿಡಿದು ಬಲಗೈ ಬೆರಳಿನಿಂದ ನಿಧಾನ ತಿರುಗಿಸಿದರು. ಅರ್ಧ ಸುತ್ತಿಗೆ ಕಚಕ್ಕನೆ ಸಿಕ್ಕಿಕೊಂಡು ಮುಂದೆ ಹೋಯಿತು. ಗುಂಡಿಯಲ್ಲಿ ಕೇಳಿದ ಕುಕ್ಕು ಇದೇ. ಇಷ್ಟು ದಿನ ಬಿಸಿಯಾದ ಮೇಲೆಯೇ ಯಾಕೆ ಎಂಬುದಕ್ಕೆ ಮೆಕ್ಯಾನಿಕ್ ಕೊಟ್ಟ ಕಾರಣ ಸರಳವಾಗಿತ್ತು: ಎಕ್ಸಾಸ್ಟ್ ಪೈಪು ಕೊಳವೆಗೆ ಹತ್ತಿರದಲ್ಲೇ ಸಾಗುತ್ತದೆ, ಅದರ ಕಾವಿಗೆ, ಅಳಿದುಳಿದ ಗ್ರೀಸೂ ತೆಳ್ಳಗಾಗಿ ಗುಂಡುಗಳ ನಡುವಿನಿಂದ ಸರಿದುಬಿಡುತ್ತದೆ. ಮೂವತ್ತೈದು ವರ್ಷ ದಾಟಿದ ಬೇರಿಂಗ್ ಇಷ್ಟು ದಿನ ತಾಳಿದ್ದೇ ಹೆಚ್ಚು ಎಂದರು. ನಾನು ಜರ್ಮನ್‌ನಿಂದ ಕನ್ನಡಕ್ಕೆ ಹೇಳುವ ಮೊದಲೇ ಮಾವ ತಲೆಯಾಡಿಸುತ್ತಿದ್ದರು. ಬಟ್ಟೆಗೆ ಪೆಟ್ರೋಲ್ ಹಚ್ಚಿ ಬೇರಿಂಗಿನ ಅಂಚು ಉಜ್ಜಿ, ಕೆತ್ತಿದ್ದ ನಂಬರನ್ನು ಕನ್ನಡಕ ಏರಿಸಿ ಓದಿ ಬರೆದುಕೊಂಡರು.

ಅವರು ಊರಿಗೆ ಹೊರಡುವ ಮುಂಚಿನ ವಾರ ಎ 81 ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೊರಟೆವು, ಬೋಡೆನ್‌ಜೇ ಸರೋವರದ ಕಡೆ. ಈ ಪ್ರವಾಸ ಅವರು ಬಂದಾಗಿನಿಂದ ಬಾಕಿ ಇತ್ತು. ದಾರಿಯಲ್ಲಿ ಕೆಟ್ಟು ನಿಂತರೆ ಎಂದು ಮುಂದೂಡುತ್ತಲೇ ಬಂದಿದ್ದೆ. ಮುಕ್ಕಾಲು ಗಂಟೆ ಕಳೆಯಿತು. ಐದನೇ ಗೇರಿನಲ್ಲಿ 2,200ಕ್ಕೆ ಹಿಡಿದು, ಕಾಲು ಹಗುರ ಮಾಡಿ ಸಾಗಿಸಿದೆ. ಮೊದಲು ಆ ಗೊರಗೊರದ ಅಡಿಯಲ್ಲಿ ಮುಚ್ಚಿಹೋಗಿದ್ದ ಒಂದು ಸಣ್ಣ ಸುಯ್ಲು ಈಗ ಕೇಳಿಸುತ್ತಿತ್ತು, ಎಂಜಿನ್ನಿನ ಬ್ಯಾಲೆನ್ಸ್ ಶಾಫ್ಟ್‌ಗಳದು. ದೊಡ್ಡ ನಾಲ್ಕು ಸಿಲಿಂಡರಿನ ನಡುಕ ಅಡಗಿಸಲು ಎಂಜಿನ್ನಿನ ಇಮ್ಮಡಿ ವೇಗದಲ್ಲಿ ತಿರುಗುವ ಜೋಡಿ ಅದು. ಪೋರ್ಷೆ ಅದಕ್ಕಾಗಿ ಮಿತ್ಸುಬಿಷಿಯಿಂದ ಪರವಾನಗಿ ಪಡೆದಿತ್ತು. ಆ ದನಿ ಇರಬೇಕಾದದ್ದೇ. ಎಂಗೆನ್ ಹತ್ತಿರ ರಸ್ತೆ ಇಳಿಯತೊಡಗಿದಾಗ ಹೆಗಾವ್ ಬಯಲಿನ ಹಳೆಯ ಜ್ವಾಲಾಮುಖಿ ಗುಡ್ಡಗಳು ಒಂದೊಂದೇ ಎದ್ದು ಬಂದವು. ದೂರದಲ್ಲಿ ಹೋಯೆನ್‌ಟ್ವೀಲ್, ನೆತ್ತಿಯ ಮೇಲೆ ಪಾಳುಕೋಟೆ. ಪಕ್ಕದ ತಂಗುದಾಣಕ್ಕೆ ತಿರುಗಿಸಿ ನಿಲ್ಲಿಸಿದೆ. ಹೇಳದೆಯೇ ಇಬ್ಬರಿಗೂ ಗೊತ್ತಿತ್ತು ಏನು ಮಾಡಬೇಕೆಂದು. ನ್ಯೂಟ್ರಲ್, 2,200, ಕ್ಲಚ್ ಬಿಟ್ಟೆ, ಒತ್ತಿದೆ, ಬಿಟ್ಟೆ. ಒತ್ತಿದಾಗಲೂ ಬಿಟ್ಟಾಗಲೂ ಒಂದೇ ದನಿ. ಮಾವ ಇಳಿದು, ಮಂಡಿಯೂರಿ, ಕಾರಿನ ಅಡಿಗೆ ತಲೆ ಬಗ್ಗಿಸಿ ಇನ್ನೊಂದು ಸಲ ಮಾಡಿಸಿದರು. ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡು ಒಳಗೆ ಕೂತು ಬೆಲ್ಟ್ ಹಾಕಿಕೊಂಡರು.

“ಆಯ್ತು, ನಡಿ. ಕತ್ಲಾಗೋದ್ರೊಳ್ಗೆ ನಿನ್ನ ಕೆರೆ ನೋಡಾಣ.”